ಸಾಪೇಕ್ಷತಾ ಶಾಸ್ತ್ರವೂ ವಿದ್ಯಾರ್ಥಿಧರ್ಮವೂ



ವ್ಯಾಕರಣವನ್ನು ಬಿಟ್ಟು ಕಾವ್ಯಕ್ಕೆ ಕೈಹಾಕಿದವನ ಪಾಡೇನೆಂಬುದನ್ನು ಪಾಠಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲರು. ವಿಶ್ವವಿದ್ಯಾನಿಲಯದಲ್ಲಿ ಸಾರ್ವತ್ರಿಕ ಸಾಪೇಕ್ಷತಾ ಶಾಸ್ತ್ರವನ್ನು ಓದಹೊರಟ ತರುಣನ ಸ್ಥಿತಿಯೂ ಅಂತಹುದೇ. ಕಪ್ಪುರಂಧ್ರ, ವಿಶ್ವದ ವಿಸ್ತರಣ ಮೊದಲಾದವುಗಳನ್ನು ತಿಳಿಯುವ ಆಸೆಯಿಂದ ಆತನು ತರಗತಿಗೆ ಬರುವನು; ಅಲ್ಲಿ ಮೊದಲು ಎದುರಾಗುವುದು ಟೆನ್ಸರ್ ಗಣಿತವು. ದೇಶಕಾಲದ ಒಂದೊಂದು ಬಿಂದುವಿನಲ್ಲಿಯೂ ಅಳತೆಗೆ 10 ಪರಿಮಾಣಗಳು, ವಕ್ರತೆಗೆ 20, ದ್ರವ್ಯದೊಡನೆ ಅವನ್ನು ಬಂಧಿಸುವ ಸಮೀಕರಣಗಳು 10. ಇದನ್ನು ಕಂಡು ಎದೆಗುಂದಿದವನಿಗೆ ಆ ಶಾಸ್ತ್ರಕಾರನ ವೃತ್ತಾಂತವೇ ತಕ್ಕ ಸಮಾಧಾನವು.

ಆಲ್ಬರ್ಟ್ ಐನ್‌ಸ್ಟೈನರು 1896ರಿಂದ 1900ರ ವರೆಗೆ ಸ್ವಿಟ್ಜರ್ಲೆಂಡಿನ ಜೂರಿಕ್ ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಿದ್ದಾಗ ಗಣಿತದ ತರಗತಿಗಳನ್ನು ಅಲಕ್ಷಿಸಿದರು. ಪರೀಕ್ಷೆಗೆ ಸಹಪಾಠಿ ಮಾರ್ಸೆಲ್ ಗ್ರೋಸ್‌ಮನ್ನರ ಟಿಪ್ಪಣಿಗಳೇ ಅವರಿಗೆ ಆಧಾರವಾದವು. 1907ರಲ್ಲಿ, ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿದ್ದಾಗ, ಮೇಲಿನಿಂದ ಬೀಳುವ ಮನುಷ್ಯನಿಗೆ ತನ್ನ ಭಾರವೇ ತೋರದೆಂಬ ವಿಚಾರವು ಅವರಿಗೆ ಹೊಳೆಯಿತು. ಗುರುತ್ವವು ದೇಶಕಾಲದ ವಕ್ರತೆಯೇ ಎಂಬ ನಿಲುವಿಗೆ ಅದು ಕ್ರಮೇಣ ಬೆಳೆಯಿತು. ಆದರೆ ಅದನ್ನು ಹೇಳತಕ್ಕ ಗಣಿತಭಾಷೆಯು ಅವರಲ್ಲಿರಲಿಲ್ಲ.

1912ರಲ್ಲಿ ಅವರು ಅದೇ ವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಮರಳಿದರು. ಆ ವೇಳೆಗೆ ಅವರ ಕೀರ್ತಿಯು ಯುರೋಪಿನ ಪಂಡಿತಮಂಡಲಿಯಲ್ಲಿ ಹಬ್ಬಿದ್ದಿತು. ಆದರೂ ಅಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ಆ ಹಳೆಯ ಸಹಪಾಠಿಯ ಸಹಾಯವನ್ನು ಬೇಡಲು ಅವರು ನಾಚಲಿಲ್ಲ. ರೀಮನ್ನರು 1854ರಲ್ಲಿ ಬಿತ್ತಿದ, ರಿಚ್ಚಿ ಮತ್ತು ಲೆವಿ-ಚಿವಿತಾ ಎಂಬ ಇಟಲಿಯ ವಿದ್ವಾಂಸರು ಬೆಳೆಯಿಸಿದ ಗಣಿತವನ್ನು ಗ್ರೋಸ್‌ಮನ್ನರು ತೋರಿಸಿಕೊಟ್ಟರು. ಮೂವತ್ತಮೂರು ವಯಸ್ಸಿನ ಪ್ರಾಧ್ಯಾಪಕರು ಪುನಃ ವಿದ್ಯಾರ್ಥಿಯಾದರು. ಗಣಿತದ ಸೂಕ್ಷ್ಮಭಾಗಗಳನ್ನು ಅದುವರೆಗೆ ಬರಿಯ ಭೋಗವಸ್ತುವೆಂದು ಎಣಿಸಿದ್ದು ತಮ್ಮ ಅಜ್ಞಾನವೆಂದು ಅದೇ ವರ್ಷ ಸೊಮ್ಮರ್‌ಫೆಲ್ಡರಿಗೆ ಬರೆದ ಪತ್ರದಲ್ಲಿ ಒಪ್ಪಿಕೊಂಡರು.

ಇಷ್ಟಾದರೂ ಫಲವು ಕೂಡಲೇ ಕೈಗೂಡಲಿಲ್ಲ. ಸರಿಯಾದ ಸಮೀಕರಣದ ತೀರ ಸಮೀಪಕ್ಕೆ ಬಂದು, ಅದು ಸಲ್ಲದೆಂದು ಬಗೆದು ಬಿಟ್ಟುಬಿಟ್ಟರು. 1913ರಲ್ಲಿ ಇಬ್ಬರೂ ಕೂಡಿ ಪ್ರಕಟಿಸಿದ ಸಮೀಕರಣಗಳು ದೋಷಯುಕ್ತವಾಗಿದ್ದವು; ಬುಧಗ್ರಹದ ಗತಿಗೆ ಹೊಂದಲಿಲ್ಲ. ಎರಡು ವರ್ಷ ತಾವೇ ಸಮರ್ಥಿಸಿದುದನ್ನು ತಾವೇ ತಳ್ಳಿ, 1915ರ ನವೆಂಬರಿನಲ್ಲಿ ಬಿಟ್ಟ ದಾರಿಗೆ ಮರಳಿದರು. ಬುಧನ ಕಕ್ಷೆಯಲ್ಲಿ ಶತಮಾನಕ್ಕೆ 43 ವಿಕಲೆಗಳಷ್ಟು ಕಾರಣ ತಿಳಿಯದೆ ಉಳಿದಿದ್ದ ವ್ಯತ್ಯಾಸವು ಆಗ ಲೆಕ್ಕಕ್ಕೆ ದೊರೆಯಿತು. ಆ ತಿಂಗಳ 25ರಂದು ಪೂರ್ಣ ಸಮೀಕರಣಗಳು ಬರ್ಲಿನ್ನಿನ ಅಕಾಡೆಮಿಗೆ ಸಲ್ಲಿದವು.

ಇದರಿಂದ ವಿದ್ಯಾರ್ಥಿಗಳು ತಿಳಿಯತಕ್ಕುದೇನು? ಹೊಳಹು ದೊಡ್ಡದಾದರೂ ಅಭ್ಯಾಸವಿಲ್ಲದೆ ಶಾಸ್ತ್ರವಾಗದು. ಕಿರಿದೆಂದು ಕಡೆಗಣಿಸಿದ ಪಾಠವು ಮುಂದೊಂದು ದಿನ ಬಾಗಿಲಲ್ಲಿ ತಡೆದು ನಿಲ್ಲಿಸುವುದು. ಆಗ ಪದವಿಯನ್ನು ಬದಿಗಿಟ್ಟು ಬಲ್ಲವನನ್ನು ಕೇಳುವುದೂ, ತನ್ನ ತಪ್ಪನ್ನು ತಾನೇ ಅಳಿಸುವುದೂ ವಿದ್ಯಾರ್ಥಿಧರ್ಮವು. ಟೆನ್ಸರಿನ ಮುಂದೆ ಬೇಸತ್ತು ಕುಳಿತ ತರುಣನು ದಾರಿ ತಪ್ಪಿದವನಲ್ಲ. ಶಾಸ್ತ್ರಕಾರನೇ ನಡೆದ ದಾರಿಯಲ್ಲಿರುವನು. ಅಂತಹವರ ಅಧ್ಯಯನವು ನಿರ್ವಿಘ್ನವಾಗಿ ನಡೆಯಲಿ.