ಪ್ಯಾಕ್-12: ಒಂದು ಕ್ರೀಡಾ ಒಕ್ಕೂಟದ ಏಳುಬೀಳು

ಅಮೆರಿಕದ ವಿಶ್ವವಿದ್ಯಾಲಯಗಳು ಆಟೋಟಗಳಿಗಾಗಿ ಕಟ್ಟಿಕೊಂಡ ಒಕ್ಕೂಟಗಳಿಗೆ ಕಾನ್ಫರೆನ್ಸ್ ಎಂದು ಹೆಸರು. ಒಂದು ಕಾನ್ಫರೆನ್ಸಿನ ಸದಸ್ಯರು ವರ್ಷವರ್ಷವೂ ತಮ್ಮತಮ್ಮಲ್ಲೇ ಆಡುತ್ತಾರೆ, ಬಂದ ಹಣವನ್ನು ಹಂಚಿಕೊಳ್ಳುತ್ತಾರೆ. ಭಾರತದಲ್ಲಿ ಅಂತರ ವಿಶ್ವವಿದ್ಯಾಲಯ ಪಂದ್ಯಗಳು ವಲಯವಾರು ನಡೆಯುತ್ತವೆ. ಮೈಸೂರು ವಿಶ್ವವಿದ್ಯಾಲಯ ದಕ್ಷಿಣ ವಲಯ ಬಿಟ್ಟು ಬೇರೆಡೆ ಹೋಗುವ ಮಾತೇ ಏಳುವುದಿಲ್ಲ. ಅಮೆರಿಕದಲ್ಲಿ ಕಾನ್ಫರೆನ್ಸ್ ಸೇರುವುದು, ಬಿಡುವುದು ಆಯಾ ವಿಶ್ವವಿದ್ಯಾಲಯಕ್ಕೆ ಬಿಟ್ಟದ್ದು. ಈ ಸ್ವಾತಂತ್ರ್ಯ ಯಾರನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದು ಪೆಸಿಫಿಕ್ ತೀರದ ಪ್ಯಾಕ್-12 ಒಕ್ಕೂಟದ ಇತಿಹಾಸದಲ್ಲಿ ಚೆನ್ನಾಗಿ ಕಾಣುತ್ತದೆ.

ಒಕ್ಕೂಟ ಹುಟ್ಟಿದ್ದು 1915ರ ಡಿಸೆಂಬರಿನಲ್ಲಿ, ಪೋರ್ಟ್‌ಲೆಂಡ್ ನಗರದ ಒಂದು ಹೋಟೆಲಿನಲ್ಲಿ. ಕ್ಯಾಲಿಫೋರ್ನಿಯಾ (ಬರ್ಕ್ಲಿ), ವಾಷಿಂಗ್ಟನ್, ಆರೆಗಾನ್ ವಿಶ್ವವಿದ್ಯಾಲಯಗಳು ಮತ್ತು ಇಂದು ಆರೆಗಾನ್ ಸ್ಟೇಟ್ ಎನಿಸಿಕೊಂಡಿರುವ ಕೃಷಿ ಕಾಲೇಜು, ಈ ನಾಲ್ಕೇ ಮೊದಲ ಸದಸ್ಯರು. ರೈಲಿನಲ್ಲಿ ಹೋಗಿ ಆಡಿ ಬರಬಹುದಾದಷ್ಟು ದೂರದವರು ಒಂದೇ ನಿಯಮಕ್ಕೆ ಬದ್ಧರಾಗಿ ಆಡಬೇಕು ಎಂಬುದು ಆಗಿನ ಲೆಕ್ಕ. ಮುಂದಿನ ವರ್ಷಗಳಲ್ಲಿ ವಾಷಿಂಗ್ಟನ್ ಸ್ಟೇಟ್, ಸ್ಟ್ಯಾನ್‌ಫರ್ಡ್, ಐಡಹೊ, ಲಾಸ್ ಏಂಜಲಿಸಿನ ಯುಎಸ್‌ಸಿ ಮತ್ತು ಯುಸಿಎಲ್‌ಎ ಬಂದು ಕೂಡಿಕೊಂಡವು.

ಮೊದಲ ಒಡಕಿಗೆ ಕಾರಣ ಕಳ್ಳ ಪಾವತಿ. ಆಟಗಾರರಿಗೆ ಅಭಿಮಾನಿಗಳು ಗುಟ್ಟಾಗಿ ಹಣ ಕೊಡುತ್ತಿದ್ದ ಹಗರಣ 1956ರಲ್ಲಿ ಬಯಲಾಗಿ, ಸದಸ್ಯರು ಒಬ್ಬರ ಮೇಲೊಬ್ಬರು ಕೆಸರೆರಚಿ, 1959ರಲ್ಲಿ ಒಕ್ಕೂಟವೇ ಮುರಿಯಿತು. ದೊಡ್ಡವರು ಐವರು ಕೂಡಲೇ ಹೊಸದೊಂದನ್ನು ಕಟ್ಟಿಕೊಂಡರು. ವಾಷಿಂಗ್ಟನ್ ಸ್ಟೇಟ್, ಆರೆಗಾನ್, ಆರೆಗಾನ್ ಸ್ಟೇಟ್ ಕೆಲವು ವರ್ಷ ಹೊರಗೇ ನಿಂತು, 1964ರ ಹೊತ್ತಿಗೆ ಒಳಗೆ ಬಂದವು. ಐಡಹೊಗೆ ಮಾತ್ರ ಕರೆ ಬರಲೇ ಇಲ್ಲ. ವಾಷಿಂಗ್ಟನ್ ಸ್ಟೇಟ್ ಇರುವ ಪುಲ್‌ಮನ್ ಊರಿಗೂ ಐಡಹೊ ವಿಶ್ವವಿದ್ಯಾಲಯದ ಊರಿಗೂ ನಡುವೆ ಹದಿಮೂರು ಕಿಲೋಮೀಟರು ಅಷ್ಟೇ. ಮೊದಲನೆಯದು ದೇಶದ ಅತಿ ದೊಡ್ಡ ಮೈದಾನಗಳಲ್ಲಿ ಆಡುತ್ತ ಬೆಳೆಯಿತು. ಇನ್ನೊಂದು ಸಣ್ಣ ಒಕ್ಕೂಟಗಳಲ್ಲೇ ಉಳಿಯಿತು. ಒಳಗಿರುವುದಕ್ಕೂ ಹೊರಗಿರುವುದಕ್ಕೂ ಎಷ್ಟು ಅಂತರವೆಂದು ತಿಳಿಯಲು ಈ ಎರಡು ಊರುಗಳೇ ಸಾಕು.

1978ರಲ್ಲಿ ಅರಿಜೋನಾದ ಎರಡು ವಿಶ್ವವಿದ್ಯಾಲಯಗಳು ಸೇರಿ ಹೊಸ ಒಕ್ಕೂಟ ಪ್ಯಾಕ್-10 ಆಯಿತು. ಅಷ್ಟರಲ್ಲಿ ಟಿವಿಯ ಪ್ರಶ್ನೆ ಬಲಿಯುತ್ತಿತ್ತು. ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎ, ಒಂದು ತಂಡದ ಫುಟ್‌ಬಾಲ್ ಪಂದ್ಯಗಳನ್ನು ಎಷ್ಟು ಬಾರಿ ತೋರಿಸಬಹುದು ಎಂಬುದನ್ನು ತಾನೇ ನಿರ್ಧರಿಸುತ್ತಿತ್ತು. ಫುಟ್‌ಬಾಲ್ ಎಂದರೆ ಇಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಅಮೆರಿಕನ್ ಆಟ. ಓಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಇದರ ವಿರುದ್ಧ ದಾವೆ ಹೂಡಿದವು. 1984ರಲ್ಲಿ ಸುಪ್ರೀಂ ಕೋರ್ಟು 7-2 ಬಹುಮತದಿಂದ ಆ ಹಿಡಿತವನ್ನು ತೆಗೆದುಹಾಕಿತು. ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಬೈರನ್ ವೈಟ್ ಸ್ವತಃ ಕಾಲೇಜು ಫುಟ್‌ಬಾಲಿನಲ್ಲಿ ಹೆಸರು ಮಾಡಿದ್ದವರು. ವಿದ್ಯೆಯ ಸಂಸ್ಥೆಗಳನ್ನು ವ್ಯಾಪಾರಿ ಕಂಪನಿಗಳಂತೆ ಕಾಣಬಾರದು ಎಂಬುದು ಅವರ ವಾದ. ಅಲ್ಲಿಂದ ಮುಂದೆ ಪಂದ್ಯಗಳನ್ನು ಮಾರುವ ಹಕ್ಕು ಕಾನ್ಫರೆನ್ಸ್‌ಗಳ ಕೈಗೆ ಬಂತು. ಯಾವ ಊರಿನಲ್ಲಿ ಎಷ್ಟು ಮನೆಗಳಲ್ಲಿ ಟಿವಿ ಇದೆ ಎಂಬುದೇ ಸದಸ್ಯತ್ವದ ಅಳತೆಗೋಲಾಯಿತು. ಟೆಕ್ಸಾಸಿನ ಹಳೆಯ ಸೌತ್‌ವೆಸ್ಟ್ ಕಾನ್ಫರೆನ್ಸ್ 1996ರಲ್ಲಿ ಮುಚ್ಚಿಹೋದದ್ದು ಈ ಹೊಸ ಲೆಕ್ಕಾಚಾರದ ಮೊದಲ ದೊಡ್ಡ ಬಲಿ.

ಪ್ಯಾಕ್-10 ಕೂಡ ಸುಮ್ಮನಿರಲಿಲ್ಲ. 2011ರಲ್ಲಿ ಕೊಲೊರಾಡೊ, ಯೂಟಾ ಎರಡನ್ನೂ ಸೆಳೆದು ಪ್ಯಾಕ್-12 ಆಯಿತು. ಇಎಸ್‌ಪಿಎನ್ ಮತ್ತು ಫಾಕ್ಸ್ ವಾಹಿನಿಗಳೊಡನೆ ಹನ್ನೆರಡು ವರ್ಷಗಳ ಕರಾರು ಮಾಡಿಕೊಂಡಿತು. ಮರುವರ್ಷ ಸ್ವಂತ ವಾಹಿನಿಯನ್ನೇ ತೆರೆಯಿತು. ಮಾಲೀಕತ್ವವನ್ನು ಯಾರೊಡನೆಯೂ ಹಂಚಿಕೊಳ್ಳದ ಈ ಹಟ ದುಬಾರಿಯಾಯಿತು. ದೊಡ್ಡ ಡಿಶ್ ಕಂಪನಿಯಾದ ಡೈರೆಕ್ಟ್‌ಟಿವಿ ವಾಹಿನಿಯನ್ನು ತೆಗೆದುಕೊಳ್ಳಲಿಲ್ಲ, ನಿರೀಕ್ಷಿಸಿದ ವರಮಾನ ಬರಲಿಲ್ಲ. ವರ್ಷದಿಂದ ವರ್ಷಕ್ಕೆ ಬಿಗ್ ಟೆನ್, ಎಸ್‌ಇಸಿ ಒಕ್ಕೂಟಗಳ ಸದಸ್ಯರಿಗೆ ಸಿಗುವ ಪಾಲಿಗೂ ಪೆಸಿಫಿಕ್ ತೀರದವರಿಗೆ ಸಿಗುವ ಪಾಲಿಗೂ ಅಂತರ ಹಿಗ್ಗುತ್ತ ಹೋಯಿತು.

2022ರ ಜೂನ್ 30ರಂದು ಯುಎಸ್‌ಸಿ, ಯುಸಿಎಲ್‌ಎ ಎರಡೂ ಬಿಗ್ ಟೆನ್ ಸೇರುವುದಾಗಿ ಸಾರಿದವು. ಬಿಗ್ ಟೆನ್ ಆ ಆಗಸ್ಟಿನಲ್ಲೇ ಏಳು ವರ್ಷಕ್ಕೆ 700 ಕೋಟಿ ಡಾಲರಿಗೂ ಮೀರಿದ ಟಿವಿ ಕರಾರು ಮಾಡಿಕೊಂಡಿತು. ಲಾಸ್ ಏಂಜಲಿಸನ್ನು ಕಳೆದುಕೊಂಡ ಪ್ಯಾಕ್-12ಕ್ಕೆ ಮಾರಲು ಉಳಿದದ್ದು ಕಡಿಮೆ. ಹೊಸ ಕರಾರಿನ ಮಾತುಕತೆ ಒಂದು ವರ್ಷ ಎಳೆಯಿತು. ಕೊನೆಗೆ ಮೇಜಿನ ಮೇಲೆ ಬಂದದ್ದು ಆ್ಯಪಲ್ ಕಂಪನಿಯ ಪ್ರಸ್ತಾವ, ಚಂದಾದಾರರ ಸಂಖ್ಯೆಗೆ ತಕ್ಕಂತೆ ಹಣ. 2023ರ ಜುಲೈ ಕೊನೆಗೆ ಕೊಲೊರಾಡೊ ಹೊರಟಿತು. ಆಗಸ್ಟ್ 4ರ ಒಂದೇ ದಿನ ಐದು ಸದಸ್ಯರು ಕೈಬಿಟ್ಟರು: ಆರೆಗಾನ್, ವಾಷಿಂಗ್ಟನ್ ಬಿಗ್ ಟೆನ್‌ಗೆ, ಅರಿಜೋನಾದ ಎರಡೂ ಮತ್ತು ಯೂಟಾ ಬಿಗ್ 12 ಎಂಬ ಇನ್ನೊಂದು ಒಕ್ಕೂಟಕ್ಕೆ. ಕರ್ನಾಟಕದ ಮಧ್ಯಮ ವರ್ಗದ ಮನೆಗಳಲ್ಲಿ ಓದಿನ ಕಾರಣಕ್ಕೆ ಪರಿಚಿತವಾದ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ, ಪೆಸಿಫಿಕ್ ದಂಡೆಯಲ್ಲಿ ಕುಳಿತೇ ಅಟ್ಲಾಂಟಿಕ್ ತೀರದ ಎಸಿಸಿ ಒಕ್ಕೂಟಕ್ಕೆ ಸೇರಿದವು. ಅದೂ ಮೊದಲ ಏಳು ವರ್ಷ ಟಿವಿ ಹಣದಲ್ಲಿ ಶೇ. 30ರಷ್ಟು ಪಾಲಿಗೆ ಒಪ್ಪಿ.

ಹೋದವರಿಗೆ ಲಾಭವಾಗಿಲ್ಲ ಎನ್ನುವಂತಿಲ್ಲ. ಆರೆಗಾನ್ 2024ರಲ್ಲಿ ತನ್ನ ಮೊದಲ ಋತುವಿನಲ್ಲೇ ಬಿಗ್ ಟೆನ್ ಫುಟ್‌ಬಾಲ್ ಕಿರೀಟ ಗೆದ್ದಿತು. ಆದರೆ ಪ್ರಯಾಣದ ಹೊರೆ ಬಿದ್ದದ್ದು ಹೆಚ್ಚಾಗಿ ಫುಟ್‌ಬಾಲೇತರ ಆಟಗಾರರ ಮೇಲೆ. ಫುಟ್‌ಬಾಲ್ ತಂಡ ವಾರಕ್ಕೊಂದೇ ಪಂದ್ಯ ಆಡುತ್ತದೆ, ಬಾಡಿಗೆ ವಿಮಾನದಲ್ಲಿ ಹೋಗಿ ಬರುತ್ತದೆ. ವಾಲಿಬಾಲ್, ಸಾಫ್ಟ್‌ಬಾಲ್ ತಂಡಗಳಿಗೆ ವಾರದಲ್ಲಿ ಎರಡು ಮೂರು ಪಂದ್ಯ. ಲಾಸ್ ಏಂಜಲಿಸಿನಿಂದ ನ್ಯೂಜೆರ್ಸಿಯ ರಟ್ಗರ್ಸ್‌ಗೆ ಸುಮಾರು ನಾಲ್ಕು ಸಾವಿರ ಕಿಲೋಮೀಟರು, ಗಡಿಯಾರದಲ್ಲಿ ಮೂರು ಗಂಟೆಯ ವ್ಯತ್ಯಾಸ. ಇವರ ಪಂದ್ಯಗಳಿಗೆ ವಾಹಿನಿಗಳು ಕೊಡುವುದು ಪುಡಿಗಾಸು. ಅಲೆದಾಟ ಮಾತ್ರ ಫುಟ್‌ಬಾಲಿನ ನಕ್ಷೆಯಂತೆಯೇ. ಯುಸಿಎಲ್‌ಎ ಮತ್ತು ಬರ್ಕ್ಲಿ ಎರಡೂ ಒಂದೇ ಸರ್ಕಾರಿ ವಿಶ್ವವಿದ್ಯಾಲಯ ವ್ಯವಸ್ಥೆಗೆ ಸೇರಿದ್ದರಿಂದ, ಬರ್ಕ್ಲಿಗೆ ಆದ ನಷ್ಟಕ್ಕಾಗಿ ಯುಸಿಎಲ್‌ಎ ವರ್ಷಕ್ಕೆ 1 ಕೋಟಿ ಡಾಲರ್ ಕೊಡಬೇಕೆಂದು ಆಡಳಿತ ಮಂಡಳಿ ಕಟ್ಟುಮಾಡಿತು. ಪತ್ರಿಕೆಗಳು ಇದನ್ನು ವಿಚ್ಛೇದನದ ಜೀವನಾಂಶವೆಂದು ಗೇಲಿ ಮಾಡಿದವು.

ಉಳಿದವರು ಇಬ್ಬರೇ: ವಾಷಿಂಗ್ಟನ್ ಸ್ಟೇಟ್, ಆರೆಗಾನ್ ಸ್ಟೇಟ್. 1959ರಲ್ಲಿ ಹೊರಗೆ ನಿಂತವರ ಪೈಕಿ ಇವೂ ಇದ್ದವು. ಎರಡರ ಊರೂ ಸಣ್ಣದು, ಟಿವಿ ಲೆಕ್ಕಕ್ಕೆ ಬಾರದ್ದು. ಒಕ್ಕೂಟದ ಆಸ್ತಿಯ ಮೇಲೆ ಹೋಗುವ ಹತ್ತು ಸದಸ್ಯರಿಗೆ ಮತ ಹಾಕುವ ಹಕ್ಕು ಉಂಟೇ ಎಂಬ ವ್ಯಾಜ್ಯ ಪುಲ್‌ಮನ್ ಇರುವ ವಿಟ್‌ಮನ್ ಕೌಂಟಿಯ ನ್ಯಾಯಾಲಯದಲ್ಲೇ ನಡೆಯಿತು. 2023ರ ನವೆಂಬರಿನಲ್ಲಿ ತೀರ್ಪು ಈ ಇಬ್ಬರ ಪರವಾಯಿತು. ಹಣ ಸಿಕ್ಕಿತು, ಆಡಲು ಜೊತೆ ಸಿಗಲಿಲ್ಲ. 2024ರ ಫುಟ್‌ಬಾಲ್ ಪಂದ್ಯಗಳನ್ನು ಮೌಂಟನ್ ವೆಸ್ಟ್ ಒಕ್ಕೂಟದಿಂದ ಎರವಲು ಪಡೆಯಬೇಕಾಯಿತು. ನವೆಂಬರಿನ ಚಳಿಯಲ್ಲಿ ನಡೆಯುತ್ತಿದ್ದ, ವಾಷಿಂಗ್ಟನ್ ಮತ್ತು ವಾಷಿಂಗ್ಟನ್ ಸ್ಟೇಟ್ ನಡುವಿನ ಆ್ಯಪಲ್ ಕಪ್ ಪಂದ್ಯ ಸೆಪ್ಟೆಂಬರಿಗೆ ಸರಿಯಿತು. ಸೋಜಿಗವೆಂದರೆ ಆ ವರ್ಷ ಗೆದ್ದದ್ದು ಬಿಟ್ಟುಹೋದವರಲ್ಲ, ಉಳಿದವರು: 24-19.

ಮುಂದೆ ಈ ಇಬ್ಬರು ಮಾಡಿದ್ದೂ ತಮಗೆ ಆದದ್ದನ್ನೇ. 2024ರ ಸೆಪ್ಟೆಂಬರಿನಲ್ಲಿ, ಪಂದ್ಯ ಎರವಲು ಕೊಟ್ಟಿದ್ದ ಮೌಂಟನ್ ವೆಸ್ಟ್‌ನಿಂದಲೇ ಬಾಯ್ಸಿ ಸ್ಟೇಟ್, ಫ್ರೆಸ್ನೊ ಸ್ಟೇಟ್ ಸೇರಿ ಐದು ಸದಸ್ಯರನ್ನು 2026ರಿಂದ ತಮ್ಮತ್ತ ಬರಲು ಒಪ್ಪಿಸಿದರು. ಹಾಗೆ ಸೆಳೆದುಕೊಂಡದ್ದಕ್ಕೆ ಕೊಡಬೇಕಾದ ದಂಡದ ಹಣದ ಬಗ್ಗೆ ಮತ್ತೊಂದು ವ್ಯಾಜ್ಯ ಹುಟ್ಟಿತು. ಖಾಲಿಯಾದ ಜಾಗಕ್ಕೆ ಮೌಂಟನ್ ವೆಸ್ಟ್ ಕರೆದವರಲ್ಲಿ ಟೆಕ್ಸಾಸಿನ ಎಲ್ ಪಾಸೊ ವಿಶ್ವವಿದ್ಯಾಲಯವೂ ಒಂದು. ಅದು ಬಿಡಲು ನಿರ್ಧರಿಸಿದ ಕಾನ್ಫರೆನ್ಸ್ ಯುಎಸ್‌ಎ ಒಕ್ಕೂಟಕ್ಕೆ ಒಬ್ಬ ಸದಸ್ಯ ಕಡಿಮೆಯಾದ.