ನಮ್ಮ ಶೋಕೇಸ್‌ನಲ್ಲಿ ಮಾರುತ್ ಯಾಕಿಲ್ಲ?

ಇವತ್ತಿನ ಎಪಿಸೋಡ್ ವಿಮಾನಗಳ ಬಗ್ಗೆ. ಆಕಾಶದಲ್ಲಿ ಹಾರೋದಲ್ಲ, ಮನೆಯ ಶೋಕೇಸ್‌ನಲ್ಲಿ ಕೂರೋ ಮಾಡೆಲ್ ವಿಮಾನ. ಅದರಲ್ಲೂ ಹಳೇ ಯುದ್ಧ ವಿಮಾನಗಳು.

ಹೋದ ತಿಂಗಳು ಒಬ್ಬ ಕೇಳುಗರು ತಮ್ಮ ಕಲೆಕ್ಷನ್‌ನ ಫೋಟೋ ಕಳಿಸಿದ್ರು. ತುಂಬಾ ನೀಟಾಗಿ ಮಾಡಿದ್ದಾರೆ. ಬ್ರಿಟನ್ನಿನ ಸ್ಪಿಟ್‌ಫೈರ್, ಅಮೆರಿಕದ ಮಸ್ಟಾಂಗ್, ಜರ್ಮನಿಯ ಮೆಸ್ಸರ್‌ಸ್ಮಿಟ್, ಜಪಾನಿನ ಜೀರೋ. ಅವರ ಮನೆ ಇರೋದು ವಿಮಾನಪುರದ ಪಕ್ಕದಲ್ಲೇ. ಎಚ್‌ಎಎಲ್ ಕಾಂಪೌಂಡಿಗೆ ನಡ್ಕೊಂಡು ಹೋಗಬಹುದು. ಆದ್ರೆ ಬೆಂಗಳೂರಲ್ಲಿ ತಯಾರಾದ ಒಂದು ವಿಮಾನವೂ ಆ ಫೋಟೋದಲ್ಲಿ ಇರಲಿಲ್ಲ. ಇದು ಅವರ ತಪ್ಪಲ್ಲ. ಯಾಕೆ ಹೀಗೆ ಅನ್ನೋದಕ್ಕೆ ಉತ್ತರ ಇರೋದು ಲೆಕ್ಕದ ಪುಸ್ತಕದಲ್ಲಿ. ಬಿ.ಕಾಂ ಓದಿದ್ದಕ್ಕೆ ಇಷ್ಟಾದ್ರೂ ಉಪಯೋಗ ಆಗ್ಲಿ.

ಪ್ಲಾಸ್ಟಿಕ್ ಕಿಟ್ ಮಾಡೋಕೆ ಲೋಹದ ಅಚ್ಚು ಬೇಕು. ಆ ಅಚ್ಚೇ ದೊಡ್ಡ ಖರ್ಚು. ಒಂದ್ಸಲ ಅಚ್ಚು ಮಾಡಿಸಿದ ಮೇಲೆ ಸಾವಿರಾರು ಪೆಟ್ಟಿಗೆ ಮಾರಿದ್ರೆ ಮಾತ್ರ ದುಡ್ಡು ವಾಪಸ್ ಬರೋದು. ಬ್ರಿಟನ್ನಿನ ಏರ್‌ಫಿಕ್ಸ್ 1953ರಲ್ಲಿ ತನ್ನ ಮೊದಲ ವಿಮಾನದ ಕಿಟ್ ತಂದಾಗ ಆರಿಸಿಕೊಂಡಿದ್ದು ಸ್ಪಿಟ್‌ಫೈರನ್ನೇ. ಯುದ್ಧ ಮುಗಿದು ಎಂಟು ವರ್ಷ ಆಗಿತ್ತು, ಅಲ್ಲಿನ ಪ್ರತಿ ಹುಡುಗನಿಗೂ ಆ ಹೆಸರು ಗೊತ್ತಿತ್ತು. ನಮ್ಮ ಎಚ್‌ಎಫ್-24 ಮಾರುತ್ ತಯಾರಾಗಿದ್ದು ಒಟ್ಟು 147. ಸೇವೆ ಮಾಡಿದ್ದು ಭಾರತೀಯ ವಾಯುಪಡೆಯಲ್ಲಿ ಮಾತ್ರ. ಕಿಟ್ ಕೊಳ್ಳೋ ಹವ್ಯಾಸ ಇರೋದು ಹೆಚ್ಚಾಗಿ ಯುರೋಪ್, ಅಮೆರಿಕ, ಜಪಾನಿನಲ್ಲಿ. ಹಾಗಾಗಿ ಏರ್‌ಫಿಕ್ಸ್ ಆಗ್ಲಿ, ತಮಿಯಾ ಆಗ್ಲಿ ಮಾರುತ್ ಕಡೆ ತಿರುಗಿ ನೋಡಲಿಲ್ಲ. ಸಣ್ಣ ಸಣ್ಣ ತಯಾರಕರು ಆಗಾಗ ರೆಸಿನ್ ಕಿಟ್ ತರ್ತಾರೆ. ನಾವು ದುಡ್ಡು ಜೋಡಿಸೋ ಹೊತ್ತಿಗೆ ಅದು ಖಾಲಿ.

ಇದರ ಮೇಲೆ ತೆರಿಗೆ ಬೇರೆ. ಕಸ್ಟಮ್ಸ್ ಪಟ್ಟಿಯಲ್ಲಿ 9503 ಅಂತ ಒಂದು ಶೀರ್ಷಿಕೆ ಇದೆ. ಗೊಂಬೆ, ಮಕ್ಕಳ ಮೂರು ಚಕ್ರದ ಸೈಕಲ್, ಪಜಲ್ ಜೊತೆಗೆ ಸ್ಕೇಲ್ ಮಾಡೆಲ್ ಕೂಡ ಅದರಲ್ಲೇ ಬರುತ್ತೆ. ಅಂದ್ರೆ ಸರ್ಕಾರದ ಕಣ್ಣಲ್ಲಿ ನಿಮ್ಮ ಮಿಗ್-21 ಒಂದು ಆಟಿಕೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಹೋಯ್ತು. ದೇಶದ ಆಟಿಕೆ ಉದ್ಯಮ ಬೆಳೀಲಿ ಅನ್ನೋ ಉದ್ದೇಶ ಸರಿನೇ. ಆದ್ರೆ ಇಲ್ಲಿ ಯಾರೂ ತಯಾರಿಸದ ಕಿಟ್‌ಗೂ ಅದೇ ಸುಂಕ ಬಿತ್ತು. ನಾನು ಹೇಳ್ತಿರೋದು ಅಂಗಡಿಯವರು ವ್ಯಾಪಾರಕ್ಕೆ ತರಿಸೋ ಸರಕಿನ ಬಗ್ಗೆ. ಮನೆಗೆ ನೇರ ಪಾರ್ಸೆಲ್ ತರಿಸಿಕೊಂಡ್ರೆ ಲೆಕ್ಕ ಬೇರೆ.

ಹಾಗಾದ್ರೆ ನಮ್ಮ ಶೋಕೇಸ್‌ನಲ್ಲಿ ಬೆಂಗಳೂರಿನ ವಿಮಾನ ಇರೋದೇ ಬೇಡ್ವಾ? ಇರಬಹುದು. ಪೆಟ್ಟಿಗೆ ಹೊರಗಿಂದೇ ಬರ್ಲಿ, ಅದರೊಳಗಿನ ವಿಮಾನ ಯಾವುದು ಅಂತ ತೀರ್ಮಾನ ಮಾಡೋದು ನಾವು. ನನಗೆ ತುಂಬಾ ಇಷ್ಟವಾದ ಉದಾಹರಣೆ ಲಿಬರೇಟರ್.

ಬಿ-24 ಲಿಬರೇಟರ್ ಅಂದ್ರೆ ಎರಡನೇ ಮಹಾಯುದ್ಧದ ಕಾಲದ, ನಾಲ್ಕು ಎಂಜಿನ್‌ನ ಅಮೆರಿಕನ್ ಬಾಂಬರ್. ಬ್ರಿಟಿಷ್ ವಾಯುಪಡೆ ಇಲ್ಲಿ ಬಳಸ್ತಿದ್ದ ಲಿಬರೇಟರ್‌ಗಳು ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಗುಜರಿಯಾಗಿ ಬಿದ್ದವು. ಅಮೆರಿಕದಿಂದ ಎರವಲು ತಂದಿದ್ದ ಸಾಮಾನು. ಒಪ್ಪಂದದ ಪ್ರಕಾರ ವಾಪಸ್ ಕೊಡಬೇಕು, ಇಲ್ಲಾಂದ್ರೆ ನಾಶ ಮಾಡಬೇಕು. ಹಾಗಾಗಿ ಮತ್ತೆ ಹಾರಬಾರದು ಅಂತಲೇ ಅವನ್ನ ಹಾಳು ಮಾಡಿ ಬಿಟ್ಟಿದ್ರು. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ವಾಯುಪಡೆಗೆ ದೊಡ್ಡ ಬಾಂಬರ್ ಬೇಕಾಯ್ತು, ಕೊಳ್ಳೋಕೆ ಹಣ ಇಲ್ಲ. ಆಗ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನವರು, ಅಂದ್ರೆ ಇವತ್ತಿನ ಎಚ್‌ಎಎಲ್‌ನವರು, ಕಾನ್ಪುರಕ್ಕೆ ಹೋಗಿ ಆ ಗುಜರಿಯಲ್ಲಿ ಒಂದೊಂದನ್ನೇ ಆರಿಸಿ, ಒಂದೇ ಒಂದು ಪ್ರಯಾಣಕ್ಕೆ ಸಾಕಾಗುವಷ್ಟು ತೇಪೆ ಹಾಕಿದ್ರು. ಕಂಪನಿಯ ಪೈಲಟ್ ಜಮ್ಶೆದ್ ಮುನ್ಷಿ ಅವನ್ನ ಹಾರಿಸ್ಕೊಂಡು ಬೆಂಗಳೂರಿಗೆ ತಂದ್ರು. ಸುಮಾರು 1,500 ಕಿಲೋಮೀಟರ್! ತೇಪೆ ಹಾಕಿದ ವಿಮಾನದಲ್ಲಿ, ಒಂದಲ್ಲ ಎರಡಲ್ಲ, 40ಕ್ಕೂ ಹೆಚ್ಚು ಸಲ. ಇಲ್ಲಿ ಪೂರ್ತಿ ರಿಪೇರಿಯಾಗಿ 1948ರ ಕೊನೆಗೆ ವಾಯುಪಡೆ ಸೇರಿದವು, 1968ರವರೆಗೆ ಕೆಲಸ ಮಾಡಿದವು.

ಇನ್ನೂ ಮಜಾ ಕೇಳಿ. ಲಂಡನ್ನಿನ ಆರ್‌ಎಎಫ್ ಮ್ಯೂಸಿಯಂಗೆ ಲಿಬರೇಟರ್ ಬೇಕು ಅಂದಾಗ 1974ರಲ್ಲಿ ಅದನ್ನ ಕೊಟ್ಟಿದ್ದು ಭಾರತ. ಅಮೆರಿಕದ ಅರಿಜೋನಾದ ಪೀಮಾ ಮ್ಯೂಸಿಯಂನಲ್ಲಿ ಇರೋದೂ ಇಲ್ಲಿಂದಲೇ ಹೋಗಿದ್ದು. ಮಾಡಿದವರು ಗುಜರಿಗೆ ಹಾಕಿದ್ದನ್ನ ನಮ್ಮವರು ಉಳಿಸಿ, ಅವರ ಮ್ಯೂಸಿಯಂಗೆ ದಾನ ಕೊಟ್ರು.

ಬಿ-24 ಕಿಟ್ ಹೆಸರಾಂತ ಬ್ರಾಂಡ್‌ಗಳಲ್ಲೇ ಬಂದಿದೆ. ಪೆಟ್ಟಿಗೆ ಮೇಲೆ ಅಮೆರಿಕದ ನಕ್ಷತ್ರ ಇರುತ್ತೆ. ಅದನ್ನ ಅಂಟಿಸಬೇಕು ಅಂತ ಯಾರೂ ಬಲವಂತ ಮಾಡಿಲ್ಲ. ಡೀಕಲ್ ಪೇಪರ್ ತಂದು ನಮ್ಮ ಕೇಸರಿ-ಬಿಳಿ-ಹಸಿರು ವೃತ್ತವನ್ನ ನೀವೇ ಪ್ರಿಂಟ್ ಮಾಡಿ. ಹಸಿರು ಒಳಗೆ, ಕೇಸರಿ ಹೊರಗೆ. ಉಲ್ಟಾ ಮಾಡಿದವರನ್ನ ನೋಡಿದೀನಿ. ಮನೆ ಪ್ರಿಂಟರ್ ಬಿಳಿ ಬಣ್ಣ ಹಾಕಲ್ಲ, ಆದ್ದರಿಂದ ಪಾರದರ್ಶಕ ಪೇಪರ್ ಬೇಡ, ಬಿಳಿ ಡೀಕಲ್ ಪೇಪರ್ ತಗೊಳ್ಳಿ. ಇಂಕ್‌ಜೆಟ್ ಆದ್ರೆ ಪ್ರಿಂಟ್ ಒಣಗಿದ ಮೇಲೆ ಕ್ಲಿಯರ್ ಸ್ಪ್ರೇ ಒಂದೆರಡು ಕೋಟ್ ಕೊಟ್ಟು ಆಮೇಲೆ ನೀರಿಗೆ ಹಾಕಿ, ಇಲ್ಲಾಂದ್ರೆ ಕೇಸರಿ ಎಲ್ಲಾ ನೀರಲ್ಲಿ ಹೋಗುತ್ತೆ. ಬಾಲದ ನಂಬರ್ ಮಾತ್ರ ಕಲ್ಪನೆಯಿಂದ ಬರೀಬೇಡಿ. ಹಳೇ ಫೋಟೋ ಹುಡುಕಿ, ನಿಜವಾಗಿ ಇದ್ದ ಒಂದು ವಿಮಾನವನ್ನೇ ಮಾಡಿ.

ಗಾಜಿನ ಭಾಗಗಳಿಗೆ ಫೆವಿಕ್ವಿಕ್ ಥರದ ಅಂಟು ಹಾಕಬೇಡಿ, ಅದರ ಆವಿಗೇ ಗಾಜು ಮಂಜು ಹಿಡಿದ ಹಾಗೆ ಬೆಳ್ಳಗಾಗುತ್ತೆ. ಫೆವಿಕಾಲ್ ಸಾಕು, ಒಣಗಿದ ಮೇಲೆ ಕಾಣಲ್ಲ. ಲಿಬರೇಟರ್‌ದು ಮುಂದೆ ಒಂದು ಚಕ್ರ, ರೆಕ್ಕೆ ಕೆಳಗೆ ಎರಡು. ಮೂತಿಯೊಳಗೆ ಭಾರ ತುಂಬದೇ ಮುಚ್ಚಿದ್ರೆ ಬಾಲ ಊರಿ ಕೂತುಬಿಡುತ್ತೆ. ಮೀನು ಗಾಳಕ್ಕೆ ಕಟ್ಟೋ ಸೀಸದ ಗುಂಡು ಒಳ್ಳೇ ಭಾರ.

ಈಗ ಜಾಗದ ಮಾತು. ಸ್ಕೇಲ್ 1:72 ಅಂದ್ರೆ ಆರಡಿ ಮನುಷ್ಯ ಒಂದು ಇಂಚು. ಆ ಲೆಕ್ಕದಲ್ಲಿ ಲಿಬರೇಟರ್ ರೆಕ್ಕೆಯ ಅಗಲ ಸುಮಾರು 46 ಸೆಂಟಿಮೀಟರ್. ಮಾರುತ್ 22 ಸೆಂಟಿಮೀಟರ್ ಉದ್ದ, ರೆಕ್ಕೆ ಹನ್ನೆರಡೂವರೆ. ವಾಯುಪಡೆಯ ಸಿ-17 ಇದೇ ಸ್ಕೇಲ್‌ನಲ್ಲಿ ಬೇಕು ಅಂದ್ರೆ 70 ಸೆಂಟಿಮೀಟರ್ ದಾಟುತ್ತೆ. ಅದಕ್ಕೆ ಶೋಕೇಸ್ ಸಾಲಲ್ಲ, ಟೀಪಾಯಿ ಖಾಲಿ ಮಾಡಬೇಕು. ಸ್ಕೇಲ್ ಬೆರೆಸಿದ್ರೆ ಏನಾಗುತ್ತೆ ಅಂತಾನೂ ಹೇಳ್ತೀನಿ. ನ್ಯಾಟ್ ಅಂದ್ರೆ ಪುಟಾಣಿ ಫೈಟರ್, ರೆಕ್ಕೆ ಏಳು ಮೀಟರ್ ಕೂಡ ಇಲ್ಲ. ಅದನ್ನ 1:48ರಲ್ಲಿ ತಂದು 1:72ರ ಮಾರುತ್ ಪಕ್ಕ ಇಟ್ರೆ ನ್ಯಾಟ್‌ನ ರೆಕ್ಕೆಯೇ ಅಗಲ ಕಾಣುತ್ತೆ! ಆ ಪುಟ್ಟ ವಿಮಾನದಲ್ಲಿ 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ನಿರ್ಮಲ್‌ಜಿತ್ ಸಿಂಗ್ ಸೆಖೋಂ ಒಬ್ಬರೇ ಹಲವು ಸೇಬರ್ ವಿಮಾನಗಳನ್ನ ಎದುರಿಸಿ ಪ್ರಾಣ ಕೊಟ್ಟರು, ಪರಮವೀರ ಚಕ್ರ ಪಡೆದರು. ಎದುರಿದ್ದ ವಿಮಾನ ಎಷ್ಟು ದೊಡ್ಡದು ಅಂತ ಶೋಕೇಸ್‌ನಲ್ಲಿ ಕಾಣಬೇಕು ಅಂದ್ರೆ ನ್ಯಾಟ್, ಸೇಬರ್ ಎರಡೂ ಒಂದೇ ಸ್ಕೇಲ್ ಇರಲೇಬೇಕು.

ಬಿಸಿಲು ಬೀಳೋ ಕಿಟಕಿ ಎದುರು ಇಡಬೇಡಿ, ಡೀಕಲ್ ಹಳದಿ ಆಗುತ್ತೆ. ಧೂಳಿಗೆ ಗಾಜಿನ ಬಾಗಿಲು, ಮೆತ್ತನೆ ಮೇಕಪ್ ಬ್ರಷ್. ಜೋಡಿಸೋ ಕಲೆ ನಿಮಗೆ ಬರಲ್ಲ ಅನ್ಸಿದ್ರೆ ಅಮ್ಮನನ್ನ ಕೇಳಿ. ದಸರಾ ಗೊಂಬೆ ಕೂರಿಸೋ ಮನೆಗಳಲ್ಲಿ ಯಾವುದು ಹಿಂದೆ, ಯಾವುದು ಮುಂದೆ, ಎಷ್ಟು ಮೆಟ್ಟಿಲು ಅನ್ನೋದು ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು. ನಮ್ಮನೇಲಿ ಹೋದ ವರ್ಷ ಕೊನೇ ಮೆಟ್ಟಿಲಲ್ಲಿ, ಶೆಟ್ಟಿ ಅಂಗಡಿ ಪಕ್ಕ ಮಾರುತ್‌ಗೂ ಜಾಗ ಸಿಕ್ತು.

ಹೌದು, ಮಾರುತ್ ನನ್ನ ಹತ್ರ ಇದೆ. ಕಿಟ್ ಅಲ್ಲ. ತ್ರೀಡಿ ಪ್ರಿಂಟ್ ಮಾಡಿಸಿ, ಪದರದ ಗೆರೆ ಹೋಗೋವರೆಗೂ ಉಪ್ಪುಕಾಗದ ಹಾಕಿ ಉಜ್ಜಿ ಮಾಡಿದ್ದು. ಮಾರುತ್ ಕಥೆಯಲ್ಲೇ ಒಂದು ಮಾಡೆಲ್ ಇದೆ, ಗೊತ್ತಾ? ವಿನ್ಯಾಸ ಮಾಡಿದ್ದು ಕುರ್ಟ್ ಟಾಂಕ್, ಯುದ್ಧಕಾಲದಲ್ಲಿ ಜರ್ಮನಿಯ ಫೋಕೆ-ವುಲ್ಫ್ 190 ಮಾಡಿದವರು. 1956ರಲ್ಲಿ ಬೆಂಗಳೂರಿಗೆ ಬಂದ್ರು. ಲೋಹದ ವಿಮಾನಕ್ಕೆ ಮೊದಲು ಅದರದೇ ಪೂರ್ತಿ ಅಳತೆಯ ಮರದ ಗ್ಲೈಡರ್ ಮಾಡಿ, 1959ರಲ್ಲಿ ಡಕೋಟಾ ವಿಮಾನಕ್ಕೆ ಹಗ್ಗ ಕಟ್ಟಿ ಮೇಲಕ್ಕೆಳೆದು ಹಾರಿಸಿದ್ರು. ಸ್ಕೇಲ್ 1:1, ಎಂಜಿನ್ ಇಲ್ಲ, ಒಳಗೆ ಪೈಲಟ್! ಆಮೇಲೆ 1961ರ ಜೂನ್ 17ರಂದು ನಿಜವಾದ ವಿಮಾನವನ್ನ ಮೊದಲು ಹಾರಿಸಿದವರು ಸುರಂಜನ್ ದಾಸ್.

ಹೆಸರು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಹಳೇ ಮದ್ರಾಸ್ ರೋಡಿಂದ ಹಳೇ ಏರ್‌ಪೋರ್ಟ್ ರೋಡಿಗೆ ಬರೋವಾಗ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಳ್ತೀವಲ್ಲ, ಅದು ಸುರಂಜನ್ ದಾಸ್ ರಸ್ತೆ. ಮಾರುತ್‌ನ ದೊಡ್ಡ ಕೊರತೆ ಎಂಜಿನ್. ಶಬ್ದಕ್ಕಿಂತ ವೇಗವಾಗಿ ಹೋಗಲಿ ಅಂತ ಮಾಡಿದ ದೇಹ, ಅದಕ್ಕೆ ತಕ್ಕ ಎಂಜಿನ್ ಸಿಗಲೇ ಇಲ್ಲ. ಇದ್ದ ಎಂಜಿನ್‌ಗೇ ಹೆಚ್ಚು ಶಕ್ತಿ ಕೊಡೋ ಪ್ರಯತ್ನದ ವಿಮಾನವನ್ನ ಹಾರಿಸ್ತಿದ್ದಾಗ 1970ರ ಜನವರಿ 10ರಂದು ಅಪಘಾತ ಆಯ್ತು, ದಾಸ್ ತೀರಿಕೊಂಡರು. ಮಾರುತ್ ಮಾತ್ರ ಇದ್ದ ಶಕ್ತಿಯಲ್ಲೇ 1971ರ ಯುದ್ಧದಲ್ಲಿ ರಾಜಸ್ಥಾನದ ಕಡೆ ಕೆಲಸ ಮಾಡಿತು, 1990ರಲ್ಲಿ ನಿವೃತ್ತಿ ಆಯ್ತು.

ನಮ್ಮ ಪಕ್ಕದ ಬೀದಿಯಲ್ಲಿ ಒಬ್ಬ ಅಂಕಲ್ ಇದಾರೆ, ಎಚ್‌ಎಎಲ್‌ನಿಂದ ನಿವೃತ್ತರು. ಗೊಂಬೆ ನೋಡೋಕೆ ಬಂದವರು ರಾಮ-ಸೀತೆ ಬಿಟ್ಟು ಕೊನೇ ಮೆಟ್ಟಿಲ ಹತ್ರ ಕೂತುಬಿಟ್ರು. ಕನ್ನಡಕ ಹಾಕ್ಕೊಂಡು ಮಾಡೆಲ್ ತಿರುಗಿಸಿ ಹೊಟ್ಟೆ ಭಾಗ ನೋಡಿ, "ಇಲ್ಲಿ ಒಳಗೆ ಕೈ ಹಾಕೋಕೆ ಎಷ್ಟು ಒದ್ದಾಡ್ತಿದ್ವಿ ಗೊತ್ತೇನಪ್ಪಾ" ಅಂದ್ರು. ಆಮೇಲೆ ಒಂದು ಗಂಟೆ ಮಾತಾಡಿದ್ರು. ಅವರ ಮಗನೂ ಜೊತೆಗಿದ್ದ, "ಅಪ್ಪ ಇದನ್ನೆಲ್ಲ ನಮಗೆ ಯಾವತ್ತೂ ಹೇಳೇ ಇಲ್ಲ" ಅಂದ. ಮಾರುತ್ ಮೇಲೆ ಕೆಲಸ ಮಾಡಿದವರು ಈಗ ಎಪ್ಪತ್ತು, ಎಂಬತ್ತು ದಾಟಿದವರು. ನಿಮ್ಮ ಬೀದಿಯಲ್ಲೂ ಒಬ್ಬರು ಇರಬಹುದು.

ಕೆಲವರು ಕೇಳ್ತಾರೆ, ಜನರನ್ನ ಕೊಲ್ಲೋ ಯಂತ್ರವನ್ನ ಮನೇಲಿ ಅಲಂಕಾರಕ್ಕೆ ಇಡೋದು ಸರಿನಾ? ಸುಮ್ಮನೆ ಅಲಂಕಾರಕ್ಕೆ ಅಂದ್ರೆ ನನಗೂ ಇಷ್ಟ ಇಲ್ಲ. ಅದಕ್ಕೇ ಪ್ರತಿ ವಿಮಾನದ ಮುಂದೆ ಒಂದು ಸಣ್ಣ ಕಾರ್ಡ್ ಇಡ್ತೀನಿ. ಯಾವ ವಿಮಾನ, ಯಾವ ವರ್ಷ, ಯಾರು ಹಾರಿಸಿದ್ದು, ಏನಾಯ್ತು. ಮಿಗ್-21 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ನಿವೃತ್ತಿ ಆಯ್ತು. ಅದನ್ನ ನೋಡಿ ಹಾರೋ ಶವಪೆಟ್ಟಿಗೆ ಅಂತ ಜೋಕ್ ಮಾಡೋರು ಇದಾರೆ. ಅದರಲ್ಲಿ ಮಗನನ್ನ ಕಳ್ಕೊಂಡವರ ಎದುರು ಅದನ್ನ ಹೇಳ್ತೀರಾ? ನನ್ನ ಕಾರ್ಡಿನಲ್ಲಿ ಅಪಘಾತಗಳ ಮಾತೂ ಇದೆ, ಅರವತ್ತೆರಡು ವರ್ಷದ ಸೇವೆಯ ಮಾತೂ ಇದೆ.

ಮಾಡೋ ಮೊದಲು ನಿಜವಾದ್ದನ್ನ ನೋಡಬೇಕು ಅಂದ್ರೆ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿರೋ ಎಚ್‌ಎಎಲ್ ಮ್ಯೂಸಿಯಂಗೆ ಹೋಗಿ. ಮಾರುತ್, ಮಿಗ್-21 ಎರಡೂ ಇವೆ. ಮ್ಯೂನಿಕ್ ಕಡೆ ಇರೋ ಕನ್ನಡಿಗರೇ, ನಿಮ್ಮ ಹತ್ತಿರದ ಷ್ಲೈಸ್‌ಹೈಮ್‌ನ ವಿಮಾನ ಮ್ಯೂಸಿಯಂನಲ್ಲೂ ಒಂದು ಮಾರುತ್ ನಿಂತಿದೆ. ಫೋಟೋ ತೆಗೆಯೋವಾಗ ಮೂತಿ ಮಾತ್ರ ತೆಗೀಬೇಡಿ. ಚಕ್ರದ ಗೂಡು, ಬಾಲದ ತುದಿ, ಹೊಟ್ಟೆಯ ಕೆಳಗಿನ ಬಾಗಿಲುಗಳು, ಇವುಗಳ ಫೋಟೋ ಸುಲಭವಾಗಿ ಸಿಗಲ್ಲ. ನನ್ನ ಮಾಡೆಲ್‌ಗೆ ಚಕ್ರದ ಗೂಡು ಇನ್ನೂ ಬಾಕಿ ಇದೆ. ತೆಗೆದ್ರೆ ನನಗೂ ಒಂದು ಕಳಿಸಿ.