ಪ್ರಾಸ್ಟೇಟ್ ಕ್ಯಾನ್ಸರ್: ಶಸ್ತ್ರಚಿಕಿತ್ಸೆಯ ನಂತರದ ಬಾಳು

(ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಬೆಳೆಗೆ ಬರುವ ರೋಗದ ವಿಷಯವನ್ನಾಗಲಿ, ದನಕರುಗಳ ಕಾಯಿಲೆಯ ವಿಷಯವನ್ನಾಗಲಿ ನೀವು ಅರಳಿಕಟ್ಟೆಯ ಮೇಲೆ ಕುಳಿತು ನಾಲ್ಕು ಜನರ ಎದುರಿಗೆ ಧಾರಾಳವಾಗಿ ಮಾತನಾಡುತ್ತೀರಿ. ಆದರೆ ವಯಸ್ಸಾದ ಗಂಡಸರಿಗೆ ಬರುವ ಒಂದು ಕಾಯಿಲೆಯ ವಿಷಯದಲ್ಲಿ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಅದು ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್. ಇದಕ್ಕಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಊರಿಗೆ ಹಿಂದಿರುಗಿದವರು ಹೇಗೆ ನಡೆದುಕೊಳ್ಳಬೇಕು, ಮನೆಯವರು ಏನು ಮಾಡಬೇಕು ಎಂಬುದನ್ನು ಈ ದಿನ ತಿಳಿಸಬಯಸುತ್ತೇನೆ. ಆರೈಕೆಯ ಭಾರ ಹೆಚ್ಚಾಗಿ ಹೆಂಗಸರ ಮೇಲೆ ಬೀಳುವುದರಿಂದ ಅವರೂ ಇದನ್ನು ಕೇಳಬೇಕು.

ಮೊದಲಿಗೇ ಒಂದು ಮಾತು. ವೈದ್ಯರು ಮಾಡುವ ಕೆಲಸ ಆಸ್ಪತ್ರೆಯಲ್ಲಿ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಉಳಿದ ಕೆಲಸ ನಿಮ್ಮದು. ಅದು ತಿಂಗಳುಗಟ್ಟಲೆ ನಡೆಯುತ್ತದೆ. ಆ ಕೆಲಸವನ್ನು ಕೆಡಿಸುವುದು ರೋಗವಲ್ಲ, ನಾಚಿಕೆ.

ಏನನ್ನು ತೆಗೆದಿದ್ದಾರೆ?

ಪ್ರಾಸ್ಟೇಟ್ ಎಂಬುದು ಗಂಡಸರಲ್ಲಿ ಮಾತ್ರ ಇರುವ, ಸುಮಾರು ನೆಲ್ಲಿಕಾಯಿ ಗಾತ್ರದ ಗ್ರಂಥಿ. ಮೂತ್ರಕೋಶದ ಕೆಳಗಡೆ, ಮೂತ್ರನಾಳವನ್ನು ಸುತ್ತುವರಿದು ಕುಳಿತಿರುತ್ತದೆ. ವಯಸ್ಸಾದಂತೆ ಇದು ಅನೇಕರಲ್ಲಿ ಊದಿಕೊಳ್ಳುವುದುಂಟು. ಅದು ಕ್ಯಾನ್ಸರ್ ಅಲ್ಲ. ಊತಕ್ಕಾದರೆ ಅಡ್ಡವಾದ ಭಾಗವನ್ನು ಮಾತ್ರ ಕೆರೆದು ತೆಗೆಯುತ್ತಾರೆ. ಕ್ಯಾನ್ಸರ್ ಗ್ರಂಥಿಯೊಳಗೇ ಇದ್ದು ಹೊರಗೆ ಹರಡದೆ ಇರುವಾಗ ಇಡೀ ಗ್ರಂಥಿಯನ್ನೇ ತೆಗೆದು, ಮೂತ್ರಕೋಶದ ಬಾಯನ್ನು ಮೂತ್ರನಾಳಕ್ಕೆ ಹೊಸದಾಗಿ ಸೇರಿಸಿ ಹೊಲಿಯುತ್ತಾರೆ. ಇವೆರಡೂ ಒಂದೇ ಎಂದು ತಿಳಿದು, "ನಮ್ಮ ಮಾವನವರಿಗೆ ವಾರದಲ್ಲಿ ವಾಸಿಯಾಯಿತು, ನಿಮಗೇಕೆ ಇನ್ನೂ ಆಗಲಿಲ್ಲ?" ಎಂದು ರೋಗಿಯನ್ನು ಕೇಳಬೇಡಿರಿ.

ಈ ಹೊಸ ಜೋಡಣೆ ಕಸಿ ಕಟ್ಟಿದ ಮಾವಿನ ಸಸಿಯಂತೆ. ಅಲ್ಲಾಡಿಸಿದರೆ ಕೂಡುವುದಿಲ್ಲ. ಮೊದಲ ಆರು ವಾರಗಳ ಪಥ್ಯವೆಲ್ಲ ಬಹುಮಟ್ಟಿಗೆ ಈ ಒಂದು ಕಾರಣಕ್ಕಾಗಿ ಎಂದು ತಿಳಿದರೆ ಸಾಕು, ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ನಳಿಕೆ ಇರುವಷ್ಟು ದಿನ

ಜೋಡಣೆ ಕೂಡುವವರೆಗೆ, ಸಾಮಾನ್ಯವಾಗಿ ಒಂದರಿಂದ ಎರಡು ವಾರ, ಮೂತ್ರ ಹೊರಬರಲು ಒಂದು ರಬ್ಬರಿನ ನಳಿಕೆಯನ್ನು ಇಟ್ಟಿರುತ್ತಾರೆ. ಅದರ ತುದಿಗೆ ಒಂದು ಚೀಲವಿರುತ್ತದೆ. ಚೀಲ ಯಾವಾಗಲೂ ಹೊಟ್ಟೆಗಿಂತ ಕೆಳಗೆ ಇರಬೇಕು. ಆದರೆ ನೆಲಕ್ಕೆ ತಾಗಬಾರದು. ನಳಿಕೆಯನ್ನು ತೊಡೆಗೆ ಪಟ್ಟಿ ಹಾಕಿ ಅಂಟಿಸಿಕೊಂಡರೆ ಎಳೆದಾಟವಿರುವುದಿಲ್ಲ. ಅದು ಒಳಹೋಗುವ ಜಾಗವನ್ನು ದಿನವೂ ಸೋಪು ನೀರಿನಿಂದ ತೊಳೆಯಿರಿ. ಮುಟ್ಟುವ ಮುಂಚೆ, ಮುಟ್ಟಿದ ಮೇಲೆ ಕೈ ತೊಳೆಯಿರಿ. ವಿಭೂತಿ, ಅರಿಶಿನ, ಸೊಪ್ಪಿನ ರಸ ಯಾವುದನ್ನೂ ಹಚ್ಚಬೇಡಿರಿ.

ಮಲವಿಸರ್ಜನೆಗೆ ಮುಕ್ಕಿದಾಗ ಅಥವಾ ಹೆಚ್ಚು ಓಡಾಡಿದಾಗ ಮೂತ್ರ ತುಸು ಕೆಂಪಾಗಬಹುದು. ಅದಕ್ಕೆ ಗಾಬರಿ ಬೇಡ. ನೀರು ಕುಡಿದು ವಿಶ್ರಾಂತಿ ಪಡೆಯಿರಿ. ಆದರೆ ಹೆಪ್ಪುಗಟ್ಟಿದ ರಕ್ತ ಬಂದರೆ, ಚೀಲಕ್ಕೆ ಮೂತ್ರ ಇಳಿಯುವುದು ನಿಂತು ಹೊಟ್ಟೆ ಬಿಗಿದರೆ, ಚಳಿಜ್ವರ ಬಂದರೆ, ಹೊತ್ತು ನೋಡದೆ ಆಸ್ಪತ್ರೆಗೆ ಹೊರಡಬೇಕು. ಅಕಸ್ಮಾತ್ ನಳಿಕೆ ಕಳಚಿ ಬಂದರೆ, ಅನುಭವವಿಲ್ಲದವರ ಕೈಯಲ್ಲಿ ಮತ್ತೆ ಹಾಕಿಸಕೂಡದು. ಹಸಿಯಾದ ಜೋಡಣೆಗೆ ತಾಗಿದರೆ ಅದು ಕಿತ್ತುಹೋಗಬಹುದು. ಶಸ್ತ್ರಚಿಕಿತ್ಸೆ ಮಾಡಿದವರಿಗೇ ಫೋನು ಮಾಡಿ, ಅವರು ಹೇಳಿದಂತೆ ನಡೆಯಿರಿ.

ಆರು ವಾರಗಳ ನಿಯಮ

ಸುಮಾರು ಆರು ವಾರ ನಾಲ್ಕೈದು ಕಿಲೋಗಿಂತ ಹೆಚ್ಚಿನ ಭಾರವನ್ನು ಎತ್ತಬಾರದು. ತುಂಬಿದ ನೀರಿನ ಕೊಡವೇ ಹತ್ತು ಕಿಲೋ ಮೀರುತ್ತದೆ. ಯೂರಿಯಾ ಮೂಟೆ 45 ಕಿಲೋ. ಉಳುವುದು, ಅಗೆಯುವುದು, ಹುಲ್ಲಿನ ಹೊರೆ ಹೊರುವುದು, ಟ್ರ್ಯಾಕ್ಟರಿನ ಮೇಲೆ ಕುಲುಕಾಡುವುದು ಇವೆಲ್ಲವೂ ಬೇಡ. ಸೈಕಲ್ಲಿನ ಸೀಟು ಗಾಯದ ಜಾಗವನ್ನೇ ಒತ್ತುವುದರಿಂದ ಅದನ್ನು ವೈದ್ಯರು ಒಪ್ಪುವ ತನಕ ಮುಟ್ಟಬೇಡಿರಿ. ಬಿತ್ತನೆಯ ಹದ ತಪ್ಪುತ್ತದೆಂದು ಅವಸರ ಮಾಡುವವರುಂಟು. ಈ ಒಂದು ಸಲ ಅಣ್ಣತಮ್ಮಂದಿರೂ ನೆರೆಹೊರೆಯವರೂ ಮುಯ್ಯಾಳಾಗಿ ಬಂದು ಆ ಕೆಲಸ ಮಾಡಿಕೊಟ್ಟರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಹಾಗೆಂದು ಹಾಸಿಗೆ ಹಿಡಿದು ಮಲಗಲೂ ಬಾರದು. ಮನೆಗೆ ಬಂದ ದಿನದಿಂದಲೇ ಅಂಗಳದಲ್ಲಿ, ಆಮೇಲೆ ಬೀದಿಯಲ್ಲಿ, ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತಾ ನಡೆಯಿರಿ. ನಡೆಯದೆ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಒಂದು ಕಾಲಿನ ಮೀನಖಂಡ ಊದಿ ನೋಯತೊಡಗಿದರೆ, ಎದೆ ನೋವು ಅಥವಾ ಏದುಸಿರು ಕಂಡರೆ ತಡಮಾಡದೆ ಆಸ್ಪತ್ರೆ ಸೇರಬೇಕು.

ಮಲಬದ್ಧತೆ ಆಗದಂತೆ ನೋಡಿಕೊಳ್ಳಿರಿ. ರಾಗಿ, ಸೊಪ್ಪು, ಹುರುಳಿ, ಬಾಳೆಹಣ್ಣು, ಪರಂಗಿ ಹಣ್ಣು ನಿಮ್ಮ ಮನೆಯಲ್ಲೇ ಇವೆ. ಮಲ ಗಟ್ಟಿಯಾದರೆ ಮುಕ್ಕಬೇಡಿರಿ. ವೈದ್ಯರನ್ನು ಕೇಳಿ ಔಷಧಿ ತೆಗೆದುಕೊಳ್ಳಿರಿ. ಗುದದ್ವಾರದ ಮೂಲಕ ಎನಿಮಾ ಮುಂತಾದ್ದನ್ನು ಕೊಡಿಸಕೂಡದು. ಗಾಯ ಅದರ ಮಗ್ಗುಲಲ್ಲೇ ಇದೆ. ತಿಂಗಳುಗಳಾದ ಮೇಲೆ ತೊಡೆಸಂದಿನಲ್ಲಿ ಗಂಟಿನಂತೆ ಉಬ್ಬು ಕಂಡರೆ ತೋರಿಸಿರಿ. ಈ ಶಸ್ತ್ರಚಿಕಿತ್ಸೆಯಾದ ಕೆಲವರಿಗೆ ಅಲ್ಲಿ ಹರ್ನಿಯ ಆಗುವುದುಂಟು.

ಪಂಚೆ ಒದ್ದೆಯಾದರೆ

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ನಳಿಕೆ ತೆಗೆದ ಮೇಲೆ ಬಹುಮಂದಿಗೆ ಮೂತ್ರ ತಡೆಯಲಾಗುವುದಿಲ್ಲ. ಕೆಮ್ಮಿದರೆ, ಸೀನಿದರೆ, ಕುಳಿತಲ್ಲಿಂದ ಎದ್ದರೆ ತೊಟ್ಟಿಕ್ಕುತ್ತದೆ. ಮೂತ್ರವನ್ನು ತಡೆಯಲು ಮುಂಚೆ ಎರಡು ಬಾಗಿಲುಗಳಿದ್ದವು. ಗ್ರಂಥಿಯ ಜೊತೆಗೆ ಮೇಲಿನ ಬಾಗಿಲು ಹೋಗಿ, ಕೆಳಗಿನ ಬಾಗಿಲೊಂದೇ ಇಡೀ ಕೆಲಸ ಹೊರಬೇಕಾಗಿದೆ. ಅದಕ್ಕೆ ಬಲ ಬರಲು ಕಾಲ ಬೇಕು. ಹೆಚ್ಚಿನವರಿಗೆ ಮೂರರಿಂದ ಆರು ತಿಂಗಳಲ್ಲಿ ಬಹಳ ಮಟ್ಟಿಗೆ ಹತೋಟಿ ಬರುತ್ತದೆ. ಕೆಲವರಿಗೆ ವರ್ಷ ಹಿಡಿಯುತ್ತದೆ. ಸಾಮಾನ್ಯವಾಗಿ ಮೊದಲು ರಾತ್ರಿ ಹಾಸಿಗೆ ಒಣಗಿರತೊಡಗುತ್ತದೆ. ದಣಿದ ಸಂಜೆಯ ಹೊತ್ತಿನ ಸೋರಿಕೆ ಕೊನೆಗೆ ನಿಲ್ಲುತ್ತದೆ.

ಈ ಬಾಗಿಲಿಗೆ ಬಲ ಕೊಡುವ ಕಸರತ್ತೊಂದಿದೆ. 1948ರಲ್ಲಿ ಅಮೆರಿಕದ ಡಾ. ಆರ್ನಾಲ್ಡ್ ಕೆಗೆಲ್ ಎಂಬ ವೈದ್ಯರು ಹೆರಿಗೆಯ ನಂತರ ಮೂತ್ರ ಸೋರುವ ಹೆಂಗಸರಿಗಾಗಿ ಇದನ್ನು ಪ್ರಕಟಿಸಿದರು. ಗಂಡಸರಿಗೂ ಇದೇ ಮದ್ದು. ಖರ್ಚು ಒಂದು ಕಾಸೂ ಇಲ್ಲ. ಮಾಡುವ ಕ್ರಮ ಹೀಗೆ:

ಎಲೆಯಡಿಕೆ ಸಂಚಿಯ ದಾರ ಎಳೆದರೆ ಬಾಯಿ ಮುಚ್ಚಿಕೊಳ್ಳುತ್ತದಲ್ಲವೇ? ಹಾಗೆಯೇ, ಸಭೆಯಲ್ಲಿ ಕುಳಿತಾಗ ವಾಯು ಹೊರಹೋಗದಂತೆ ಒಳಕ್ಕೆ ಬಿಗಿಹಿಡಿಯುವ ಸ್ನಾಯುಗಳನ್ನು ಮೇಲಕ್ಕೆ ಎಳೆದು ಬಿಗಿಯಿರಿ. ಐದು ಎಣಿಸುವವರೆಗೆ ಹಿಡಿದು, ಅಷ್ಟೇ ಹೊತ್ತು ಸಡಿಲ ಬಿಡಿರಿ. ಹೀಗೆ ಹತ್ತು ಸಲ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತು. ಬರಬರುತ್ತಾ ಹತ್ತು ಎಣಿಸುವವರೆಗೆ ಹಿಡಿಯಿರಿ. ಉಸಿರು ಕಟ್ಟಬಾರದು, ಹೊಟ್ಟೆ, ತೊಡೆ, ಪೃಷ್ಠಗಳನ್ನು ಬಿಗಿಯಬಾರದು. ಮಲಗಿ ಕಲಿತು, ಆಮೇಲೆ ಕುಳಿತು, ನಿಂತು ಮಾಡಿರಿ. ಕೆಮ್ಮುವ ಮುಂಚೆ, ಏಳುವ ಮುಂಚೆ ಒಮ್ಮೆ ಬಿಗಿದುಕೊಳ್ಳುವುದನ್ನು ರೂಢಿ ಮಾಡಿರಿ. ಶಸ್ತ್ರಚಿಕಿತ್ಸೆಗೆ ಮುಂಚೆಯೇ ಇದನ್ನು ಕಲಿತರೆ ಉತ್ತಮ. ನಳಿಕೆ ಇರುವಾಗ ಮಾತ್ರ ಮಾಡಬಾರದು.

ಒದ್ದೆಯಾಗುತ್ತದೆಂದು ಹಲವರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಇದು ಕೂಡದು. ಮೂತ್ರ ಗಟ್ಟಿಯಾಗಿ ಉರಿಯೂ ಸೋಂಕೂ ಬರುತ್ತದೆ, ಮಲವೂ ಕಟ್ಟುತ್ತದೆ. ನೀರನ್ನು ಬಿಡದೆ, ಕಾಫಿ, ಟೀ, ಹೆಂಡಗಳನ್ನು ಕಡಿಮೆ ಮಾಡಿರಿ. ಅಂಗಡಿಯ ಪ್ಯಾಡು ಕೊಳ್ಳಲಾಗದಿದ್ದರೆ ಹಳೆಯ ಹತ್ತಿಬಟ್ಟೆಯನ್ನು ಮಡಿಸಿ ಇಟ್ಟುಕೊಂಡು, ಒದ್ದೆಯಾದ ಕೂಡಲೇ ಬದಲಿಸಿ, ಸೋಪು ಹಾಕಿ ಒಗೆದು ಬಿಸಿಲಿಗೆ ಒಣಗಿಸಿರಿ. ಸಂತೆಗೆ ಹೋಗುವಾಗ ಎರಡು ಮಡಿಕೆ ಬಟ್ಟೆ ಜೊತೆಯಲ್ಲಿರಲಿ. ವರ್ಷ ಕಳೆದರೂ ಸೋರಿಕೆ ನಿಲ್ಲದಿದ್ದರೆ, ಮೂತ್ರನಾಳಕ್ಕೆ ಆಸರೆಯ ಪಟ್ಟಿ ಹಾಕುವ ಅಥವಾ ಕೃತಕ ಕವಾಟ ಇಡುವ ಶಸ್ತ್ರಚಿಕಿತ್ಸೆಗಳಿವೆ. ಆದುದರಿಂದ ಯಾರೂ "ಇನ್ನು ನನ್ನ ಬಾಳು ಇಷ್ಟೇ" ಎಂದು ಕೈಚೆಲ್ಲಬೇಕಾಗಿಲ್ಲ.

ಗಂಡಹೆಂಡಿರ ಮಾತು

ಇನ್ನೊಂದು ವಿಷಯವನ್ನು ಸಂಕೋಚವಿಲ್ಲದೆ ಹೇಳಲೇಬೇಕು. ಗಂಡಸಿನ ನಿಮಿರುವಿಕೆಗೆ ಕಾರಣವಾದ ಎರಡು ನರದ ಎಳೆಗಳು ಈ ಗ್ರಂಥಿಯ ಎರಡು ಪಕ್ಕಗಳಲ್ಲೇ ಹಾದುಹೋಗುತ್ತವೆ. 1982ರಲ್ಲಿ ಅಮೆರಿಕದ ಡಾ. ಪ್ಯಾಟ್ರಿಕ್ ವಾಲ್ಷ್ ಅವರು ಆ ನರಗಳನ್ನು ಉಳಿಸಿ ಗ್ರಂಥಿ ತೆಗೆಯುವ ವಿಧಾನವನ್ನು ತೋರಿಸಿಕೊಟ್ಟರು. ಅದಕ್ಕೆ ಮುಂಚೆ ಈ ಶಕ್ತಿ ಬಹುತೇಕ ಎಲ್ಲರಿಗೂ ಹೋಗುತ್ತಿತ್ತು. ಈಗಲೂ ರೋಗ ನರಗಳ ಹತ್ತಿರ ಬಂದಿದ್ದರೆ ಉಳಿಸಲಾಗುವುದಿಲ್ಲ. ಉಳಿಸಿದ್ದರೂ ಅವು ಚೇತರಿಸಿಕೊಳ್ಳಲು ಒಂದೂವರೆ, ಎರಡು ವರ್ಷ ಹಿಡಿಯಬಹುದು. ಇದಕ್ಕೆ ಮಾತ್ರೆಗಳೂ ಬೇರೆ ಉಪಾಯಗಳೂ ಆಸ್ಪತ್ರೆಯಲ್ಲಿವೆ. ಹೃದಯದ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರಿಗೆ ಕೆಲವು ಮಾತ್ರೆಗಳು ಅಪಾಯಕಾರಿ. ಆದುದರಿಂದ ತಾವಾಗಿಯೇ ಕೊಂಡು ನುಂಗಬಾರದು. ರಸ್ತೆ ಬದಿಯ ಡೇರೆಯಲ್ಲಿ ಬೇರು ಮಾರುವವನಿಗೆ ಹಣ ಸುರಿಯಬೇಡಿರಿ.

ವೀರ್ಯ ಬರುವುದು ನಿಲ್ಲುತ್ತದೆ, ಮಕ್ಕಳಾಗುವುದಿಲ್ಲ. ಆದರೆ ಆಸೆಯನ್ನೂ ಗಂಡಸುತನದ ರಸವನ್ನೂ ಕೊಡುವುದು ವೃಷಣಗಳೇ ಹೊರತು ಈ ಗ್ರಂಥಿಯಲ್ಲ. ಈ ರೋಗ ಹೆಂಡತಿಗೆ ಅಂಟುವುದಿಲ್ಲ. ಹಾಸಿಗೆ ಬೇರೆ ಮಾಡಿ ಗೋಡೆಗೆ ಮುಖ ಹಾಕಿ ಮಲಗುವುದಕ್ಕಿಂತ, ಇರುವ ಸಂಗತಿಯನ್ನು ಹೆಂಡತಿಗೆ ಹೇಳುವುದು ಲೇಸು. ತಾಯಂದಿರೇ, ಮಾತು ಬಿಟ್ಟ ಗಂಡನಿಗೆ ನಿಮ್ಮ ಮೇಲೆ ಮುನಿಸಿದೆಯೆಂದು ತಿಳಿಯಬೇಡಿರಿ. ಅವರು ಒಳಗೇ ನೊಂದಿರಬಹುದು. ಕೈಹಿಡಿದು ಡಾಕ್ಟರ ಬಳಿಗೆ ನೀವೂ ಹೋಗಿರಿ.

ರಕ್ತಪರೀಕ್ಷೆಯನ್ನು ತಪ್ಪಿಸಬೇಡಿ

ನಾಚಿಕೆಯಿಂದ ಆಗುವ ದೊಡ್ಡ ನಷ್ಟ ಬೇರೆಯೇ ಇದೆ. ಒದ್ದೆಯಾಗುತ್ತದೆಂದು ಬಸ್ಸು ಹತ್ತದವನು ಆಸ್ಪತ್ರೆಗೂ ಹೋಗುವುದಿಲ್ಲ. ಹೋಗದವನಿಗೆ ಪಿ.ಎಸ್.ಎ. ಎಂಬ ರಕ್ತಪರೀಕ್ಷೆ ತಪ್ಪುತ್ತದೆ.

ಪಿ.ಎಸ್.ಎ. ಎಂಬುದು ಪ್ರಾಸ್ಟೇಟ್ ಗ್ರಂಥಿಯಿಂದ ರಕ್ತಕ್ಕೆ ಸೇರುವ ಒಂದು ವಸ್ತು. ಗ್ರಂಥಿಯನ್ನೇ ತೆಗೆದ ಮೇಲೆ ಆರೆಂಟು ವಾರಗಳಲ್ಲಿ ಅದು ಬಹುತೇಕ ಸೊನ್ನೆಗೆ ಇಳಿಯಬೇಕು. ಮುಂದೆ ಮತ್ತೆ ಏರಿ ಮಿಲಿಲೀಟರಿಗೆ 0.2 ನ್ಯಾನೋಗ್ರಾಂ ಮುಟ್ಟಿ, ಎರಡನೆಯ ಪರೀಕ್ಷೆಯಲ್ಲೂ ಹಾಗೆಯೇ ಬಂದರೆ, ಎಲ್ಲಿಯೋ ರೋಗದ ಕಣ ಉಳಿದಿದೆ ಎಂದು ವೈದ್ಯರು ತಿಳಿಯುತ್ತಾರೆ. ಆಗ ನಿಮಗೆ ನೋವಿರುವುದಿಲ್ಲ, ಜ್ವರವಿರುವುದಿಲ್ಲ, ಊಟ ನಿದ್ರೆ ಚೆನ್ನಾಗಿಯೇ ಇರುತ್ತದೆ. ಹೀಗಾಗಿಯೇ ಜನ ಮೋಸಹೋಗುತ್ತಾರೆ. ಕಳೆ ಎರಡೆಲೆ ಇರುವಾಗ ಬೆರಳಲ್ಲೇ ಬರುತ್ತದೆ. ಬೇರೂರಿದ ಮೇಲೆ ಗುದ್ದಲಿಗೂ ಬಗ್ಗುವುದಿಲ್ಲ. ಈ ಏರಿಕೆಯನ್ನು ಬೇಗ ಕಂಡರೆ ವಿಕಿರಣ ಚಿಕಿತ್ಸೆಯಿಂದ ಅನೇಕರಿಗೆ ಇನ್ನೂ ಪೂರ್ತಿ ವಾಸಿಯಾಗುವ ಅವಕಾಶವಿದೆ. ಮೊದಲ ವರ್ಷ ಕೆಲವು ತಿಂಗಳಿಗೊಮ್ಮೆ, ಮುಂದೆ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ, ವೈದ್ಯರು ಹೇಳಿದ ಹಾಗೆ ಪರೀಕ್ಷೆ ಮಾಡಿಸಿರಿ. ಯುಗಾದಿ, ದೀಪಾವಳಿಗಳ ಜೊತೆಗೆ ನೆನಪಿಟ್ಟುಕೊಂಡರೆ ಮರೆಯುವುದಿಲ್ಲ. ಆಸ್ಪತ್ರೆಯ ಕಾಗದಗಳನ್ನು ಪಹಣಿಯಷ್ಟೇ ಜೋಪಾನವಾಗಿ ಇಡಿರಿ, ಹೋಗುವಾಗಲೆಲ್ಲ ಒಯ್ಯಿರಿ.

ಖರ್ಚಿನ ವಿಷಯವಾಗಿ ಒಂದು ಮಾತು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಯಾವ ಚಿಕಿತ್ಸೆಗೆ ಎಷ್ಟು ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಮುಂಚೆಯೇ ವಿಚಾರಿಸಿರಿ. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಕ್ಯಾನ್ಸರಿಗೆಂದೇ ಇರುವ ಸರ್ಕಾರಿ ಆಸ್ಪತ್ರೆ. ಚಿಕಿತ್ಸೆಗಾಗಿ ಪ್ರಯಾಣ ಮಾಡುವ ಕ್ಯಾನ್ಸರ್ ರೋಗಿಗಳಿಗೆ ರೈಲಿನ ದರದಲ್ಲಿ ರಿಯಾಯಿತಿಯುಂಟು. ಆಸ್ಪತ್ರೆಯಿಂದ ಪ್ರಮಾಣಪತ್ರ ಪಡೆಯಿರಿ.

ಮನೆಯ ಗಂಡುಮಕ್ಕಳೂ ಇದನ್ನು ಗಮನಿಸಬೇಕು. ತಂದೆಗೋ ಅಣ್ಣತಮ್ಮಂದಿರಿಗೋ ಈ ರೋಗ ಬಂದಿದ್ದರೆ ನಿಮಗೆ ಬರುವ ಸಂಭವ ಇತರರಿಗಿಂತ ಸುಮಾರು ಎರಡರಷ್ಟು. 45 ವಯಸ್ಸಿನ ಸುಮಾರಿಗೆ ಪಿ.ಎಸ್.ಎ. ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿರಿ. ತಂದೆ ತನ್ನ ಕಾಯಿಲೆಯನ್ನು ಮುಚ್ಚಿಟ್ಟರೆ ಮಕ್ಕಳಿಗೆ ಈ ಎಚ್ಚರಿಕೆ ಎಲ್ಲಿಂದ ಬರಬೇಕು?

ಗ್ರಾಮಬಾಂಧವರೇ, ನಿಮ್ಮ ಊರಿನಲ್ಲಿ ಇಂಥ ಶಸ್ತ್ರಚಿಕಿತ್ಸೆಯಾದವರು ಒಬ್ಬರಿದ್ದು, ಕಟ್ಟೆಗೆ ಬರುವುದನ್ನು ಬಿಟ್ಟಿದ್ದರೆ, ನೀವೇ ಅವರ ಮನೆಗೆ ಹೋಗಿರಿ. ಸಭೆಯಲ್ಲಿ ಬಾಗಿಲ ಹತ್ತಿರ ಅವರಿಗೆ ಜಾಗ ಬಿಡಿರಿ. ನಡುವೆ ಎದ್ದು ಹೋದರೆ ಏಕೆಂದು ಕೇಳಬೇಡಿರಿ. ಶಸ್ತ್ರಚಿಕಿತ್ಸೆಯಾದವರೇ, ನೀವು ಪಂಚೆ ಬದಲಿಸಿಕೊಂಡು ಹೊರಗೆ ಬನ್ನಿರಿ. ನೀರು ಕುಡಿಯಿರಿ, ನಡೆಯಿರಿ, ಕಸರತ್ತು ಬಿಡಬೇಡಿರಿ, ಪರೀಕ್ಷೆ ತಪ್ಪಿಸಬೇಡಿರಿ. ಒದ್ದೆಯಾದ ಬಟ್ಟೆ ಒಂದು ಬಿಸಿಲಿಗೆ ಒಣಗುತ್ತದೆ. ತಪ್ಪಿಸಿದ ಪರೀಕ್ಷೆಯ ಕಾಲ ಹಿಂದಕ್ಕೆ ಬರುವುದಿಲ್ಲ.